ತೊಳೆದಿಟ್ಟ ಕುಡಿಕೆ

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮವಿತ್ತು. ಲಿಂಗದ ಗುಡಿ, ಅಡುಗೆಮನೆ, ಆಕಳು ಕಟ್ಟುವ ಕೊಟ್ಟಿಗೆ, ಇಷ್ಟೇ. ಅಲ್ಲಿ ನೀಲಗಂಗವ್ವ ಎಂಬ ಹಿರಿಯರಿದ್ದರು. ಊರಿನವರೆಲ್ಲ ಅವರನ್ನು ಅವ್ವಾರು ಎನ್ನುತ್ತಿದ್ದರು.

ಅವರ ಹತ್ತಿರ ಶಂಭುಲಿಂಗ ಎಂಬವನು ಬಂದ. ಪೇಟೆಯ ಬಟ್ಟೆ ಅಂಗಡಿಯಲ್ಲಿ ಅರಿವೆ ಅಳೆದು ಹರಿದು ಕೊಡುತ್ತಿದ್ದವನು. ಒಂದು ದಿನ ಗಜದ ಕೋಲನ್ನು ಗೋಡೆಗೆ ಆನಿಸಿಟ್ಟು ಎದ್ದು ಬಂದಿದ್ದ.

"ಯಾಕ ಬಂದಿ?" ಎಂದರು ಅವ್ವಾರು.

"ಬ್ಯಾಸರಾತ್ರಿ."

"ಯಾತಕ್ಕ?"

"ದಿನಾ ಅದ ಅಂಗಡಿ, ಅದ ಕೋಲು. ನಿನ್ನಿ ಹೆಂಗಿತ್ತೋ ಇವತ್ತೂ ಹಂಗ. ಇವತ್ತು ಹೆಂಗೈತೋ ನಾಳಿನೂ ಹಂಗ. ಇದರಾಗ ಏನರ ಅರ್ಥ ಐತೇನ್ರಿ ಅವ್ವಾರ?"

ಅವ್ವಾರು ಅವನ ಮುಖ ನೋಡಿದರು. ಆಮೇಲೆ ಅವನ ಕೈ ನೋಡಿದರು.

"ಹಾಲು ಕಾಸಾಕ ಬರತೈತೇನು?"

"ಕಲೀತೀನ್ರಿ."

"ಹಂಗಾರ ಇರು."

ಶಂಭುಲಿಂಗ ಉಳಿದುಕೊಂಡ.

ಹಾಲು ಕಾಸುವುದನ್ನು ಬೇಗ ಕಲಿತ. ಉಕ್ಕುವ ಮೊದಲು ಉರಿ ತಗ್ಗಿಸಬೇಕು. ಆರಿದ ಮೇಲೆ ಬೆರಳು ಅದ್ದಿ ನೋಡಬೇಕು. ಸುಡಬಾರದು, ತಣ್ಣಗೂ ಇರಬಾರದು. ಆಗ ಗೋಡೆಯ ಗೂಡಿನಲ್ಲಿದ್ದ ಕಲ್ಲಿನ ಕುಡಿಕೆಯಿಂದ ಒಂದಿಷ್ಟು ಹಳೆಯ ಮೊಸರು ತೆಗೆದು ಹಾಲಿಗೆ ಹೆಪ್ಪು ಹಾಕಬೇಕು. ಮುಂಜಾನೆ ಮೊಸರಾಗಿರುತ್ತದೆ. ಆ ಮೊಸರಿನಿಂದ ಮೊದಲು ಒಂದಿಷ್ಟು ತೆಗೆದು ಮತ್ತೆ ಕುಡಿಕೆಗೆ ಹಾಕಿಡಬೇಕು. ಉಳಿದದ್ದು ಊಟಕ್ಕೆ.

ಮಳೆಗಾಲ ಕಳೆಯಿತು. ಶಂಭುಲಿಂಗನಿಗೆ ಮತ್ತೆ ಬೇಸರ ಬಂತು.

"ಅವ್ವಾರ, ಅಲ್ಲಿ ಅರಿವಿ ಅಳೀತಿದ್ದೆ. ಇಲ್ಲಿ ಹಾಲು ಕಾಸಾಕತ್ತೀನಿ."

"ಹೌದು."

"ಎರಡೂ ಒಂದ ಆತಲ್ರಿ?"

"ನಿನಗ ಒಂದ ಕಾಣತೈತೇನು?"

"ಒಂದ ಕಾಣತೈತ್ರಿ."

"ಹಂಗಾರ ಇನ್ನೂ ನೋಡು," ಎಂದು ಅವ್ವಾರು ಆಕಳಿಗೆ ಹುಲ್ಲು ಹಾಕಲು ಹೋದರು.

ಶಂಭುಲಿಂಗ ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿ ಕೂಡಲು ಶುರು ಮಾಡಿದ. ಕಾಸುವ ಹಾಲಿನಲ್ಲಿ ಸಿಗದ್ದು ಕಣ್ಣು ಮುಚ್ಚಿದರೆ ಸಿಗಬಹುದು ಎಂದು ಅವನ ಲೆಕ್ಕ.

ಆದರೆ ಅಲ್ಲಿ ನೆಮ್ಮದಿಯಿಂದ ಕೂಡಲು ಬಿಡುವವರು ಯಾರು? ಬೆಳಗಾದರೆ ಊರಿನ ಹೆಂಗಸರು ಬಟ್ಟಲು ಹಿಡಿದು ಹೆಪ್ಪು ಕೇಳಲು ಬರುತ್ತಿದ್ದರು. ಒಬ್ಬರ ಮನೆಯಲ್ಲಿ ಬೆಕ್ಕು ಗಡಿಗೆ ಉರುಳಿಸಿತ್ತು. ಇನ್ನೊಬ್ಬರ ಮನೆಗೆ ನೆಂಟರು ಬಂದು ಮೊಸರೆಲ್ಲ ಖಾಲಿಯಾಗಿತ್ತು. ಕೇಳಿ ಬಂದವರಿಗೆ ಇಲ್ಲ ಎನ್ನಬಾರದೆಂಬುದು ಅವ್ವಾರ ಮಾತು.

ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವಳು ಬಾಳವ್ವ. ಊರ ಅಂಚಿನ ಮನೆಯವಳು. ಕೂಲಿಗೆ ಹೋಗುವ ದಾರಿಯಲ್ಲೇ ಬಟ್ಟಲು ಹಿಡಿದು ನಿಲ್ಲುತ್ತಿದ್ದಳು.

"ಅಪ್ಪಾರ, ಹೆಪ್ಪು."

ಶಂಭುಲಿಂಗ ಕಣ್ಣು ತೆರೆಯುತ್ತಿರಲಿಲ್ಲ.

"ಅಪ್ಪಾರ, ಕಣ್ಣು ಮುಚ್ಚೀರಿ. ಕಿವಿ ಮುಚ್ಚಿಲ್ಲಲ್ಲ?"

ಶಂಭುಲಿಂಗನಿಗೆ ಸಿಟ್ಟು ಬರುತ್ತಿತ್ತು. ಸಾಧುವಾಗಬೇಕೆಂದವನಿಗೆ ಸಿಟ್ಟು ಬರಬಾರದು ಎಂದು ನೆನಪಾಗಿ ಇನ್ನಷ್ಟು ಸಿಟ್ಟು ಬರುತ್ತಿತ್ತು. ಎದ್ದು ಹೋಗಿ ಹೆಪ್ಪು ತಂದು ಅವಳ ಬಟ್ಟಲಿಗೆ ಹಾಕಿ, ಮತ್ತೆ ಬಂದು ಕೂತರೆ ಮೊದಲಿನಂತೆ ಮನಸ್ಸು ನಿಲ್ಲುತ್ತಿರಲಿಲ್ಲ. ಮೊದಲೂ ನಿಂತಿರಲಿಲ್ಲ ಅನ್ನಿ.

ಅವನು ಅವ್ವಾರಿಗೆ ದೂರು ಹೇಳಿದ.

"ಇವರು ಬಂದ್ರ ನನ್ನ ಧ್ಯಾನ ಕೆಡತೈತ್ರಿ."

"ಕೆಡೂವಂಥಾದ್ದಿದ್ರ ಕೆಡಲಿ," ಎಂದರು ಅವ್ವಾರು.

ಆಶ್ರಮದಿಂದ ಮೇಲೆ, ಹೊಳೆ ತಿರುಗುವಲ್ಲಿ, ಗುಡ್ಡದಲ್ಲಿ ಒಂದು ಗವಿ ಇತ್ತು. ದೀಕ್ಷೆಯಾದವರು ಅಲ್ಲಿ ಹೋಗಿ ಕೂಡುವ ಪದ್ಧತಿ. ಅವ್ವಾರೂ ಕೂತು ಬಂದವರೇ. ಶಂಭುಲಿಂಗನ ಕಣ್ಣೆಲ್ಲ ಆ ಗವಿಯ ಮೇಲಿತ್ತು. ಅಲ್ಲಿ ಹಾಲಿಲ್ಲ, ಒಲೆಯಿಲ್ಲ, ಬಟ್ಟಲು ಹಿಡಿದು ಬರುವವರಿಲ್ಲ. ಒಮ್ಮೆ ಅಲ್ಲಿ ಹೋಗಿ ಕೂತರೆ ಮತ್ತೆ ಇಳಿದು ಬರುವುದೇ ಬೇಡ ಎಂದು ಅವನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದ.

"ಗವಿಯೊಳಗ ಏನೈತ್ರಿ ಅವ್ವಾರ?"

"ಕತ್ತಲ ಐತಿ. ಬಾಗಲಾ ಸಣ್ಣದು. ಬಗ್ಗಿ ಹೋಗಬೇಕು."

"ಒಳಗ ಹೋಗಿ ಏನು ಮಾಡಬೇಕ್ರಿ?"

"ಕುಂದ್ರಬೇಕು."

"ಎಷ್ಟೊತ್ತು?"

"ಆಗೂತನಾ."

"ಏನು ಆಗೂತನಾ?"

ಅವ್ವಾರು ಒಲೆಯ ಕಡೆ ಕೈ ತೋರಿಸಿದರು. "ಹಾಲು ಉಕ್ಕಾಕತ್ತೈತಿ ನೋಡು."

ಚಳಿಗಾಲ ಬಂತು. ಒಂದು ದಿನ ಅವ್ವಾರು ತಾವಾಗಿಯೇ ಹೇಳಿದರು.

"ಬರೂ ಸೋಮವಾರ ನಸುಕಿನಾಗ ನಿನಗ ದೀಕ್ಷಾ ಕೊಡ್ತೀನಿ. ಘಂಟಿ ಬಾರಸ್ತೀನಿ. ಬಂದು ಲಿಂಗದ ಮುಂದ ಕುಂದ್ರು. ಪಂಚಾಮೃತ ಆದ ಕೂಡ್ಲೆ ಗವಿಗೆ ಹೋಗು."

ಶಂಭುಲಿಂಗನ ಕಣ್ಣಲ್ಲಿ ನೀರು ಬಂತು. ಅವ್ವಾರ ಕಾಲಿಗೆ ಬಿದ್ದ.

"ನಾ ಏನೇನು ತಯಾರಿ ಮಾಡಬೇಕ್ರಿ?"

"ಹಾಲು, ಮೊಸರು, ತುಪ್ಪ, ಜೇನತುಪ್ಪ, ಸಕ್ಕರಿ. ಹಾಲು ಮೊಸರು ನಮ್ಮ ಆಕಳದ್ದ ಇರಬೇಕು. ಮತ್ತೇನಿಲ್ಲ."

ಭಾನುವಾರ ಮುಂಜಾನೆ ಬಾಳವ್ವ ಬಂದಳು.

"ಅಪ್ಪಾರ, ಹೆಪ್ಪು."

ಶಂಭುಲಿಂಗ ಅವತ್ತು ಕಣ್ಣು ತೆರೆದ. ಕುಡಿಕೆ ತಂದು, ಚಮಚದ ತುದಿಗೆ ಹತ್ತಿದಷ್ಟನ್ನು ಅವಳ ಬಟ್ಟಲಿಗೆ ಒರೆಸಿದ.

ಬಾಳವ್ವ ಬಟ್ಟಲೊಳಗೆ ನೋಡಿದಳು. "ಇಷ್ಟ?"

"ಹೆಪ್ಪಿಗೆ ಇಷ್ಟ ಸಾಕು. ಅಲ್ಲ ಬಾಳವ್ವ, ದಿನಾ ಬಂದು ಒಯ್ಯೂದರ ಬದಲಿ ಮನಿಯಾಗ ಒಂದು ಚಮಚ ಉಳಿಸ್ಕೊಳ್ಳಾಕ ಆಗೂದಿಲ್ಲೇನು?"

"ಉಳಿಯೂದಿಲ್ಲರಿ."

"ಉಳಿಸಿದ್ರ ಉಳೀತೈತಿ. ನಾಳಿಂದ ನಾ ಇಲ್ಲಿ ಇರಂಗಿಲ್ಲ. ಗವಿಗೆ ಹೊಂಟೀನಿ. ಇನ್ನ ಮ್ಯಾಲ ನೀನ ನೋಡ್ಕೊ."

"ಚೊಲೊ ಆತ್ರಿ," ಎಂದಳು ಬಾಳವ್ವ. ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಹೋದಳು.

ಮಧ್ಯಾಹ್ನ ಊಟವಾಯಿತು. ಗಡಿಗೆಯಲ್ಲಿದ್ದ ಮೊಸರನ್ನೆಲ್ಲ ಬಳಿದು ಬಡಿಸಿದ. ಆಮೇಲೆ ಶಂಭುಲಿಂಗ ಸೊಂಟ ಕಟ್ಟಿ ನಿಂತ.

ಈ ಅಡುಗೆಮನೆಯಲ್ಲಿ ಇದು ತನ್ನ ಕೊನೆಯ ದಿನ. ಒಂದು ಕಲೆಯನ್ನೂ ಉಳಿಸದೆ ಹೋಗಬೇಕು ಎಂದು ಅವನ ಆಸೆ. ಒಲೆ ಸಾರಿಸಿದ. ಮಸಿ ಹಿಡಿದ ಪಾತ್ರೆಗಳನ್ನು ಬೂದಿ ಹಚ್ಚಿ ಉಜ್ಜಿದ. ಸೌಟು, ಮುಚ್ಚಳ, ಗಡಿಗೆ ಎಲ್ಲವನ್ನೂ ಹೊಳೆಗೆ ಒಯ್ದು ತೊಳೆದ. ಗೂಡಿನಲ್ಲಿ ಕಲ್ಲಿನ ಕುಡಿಕೆ ಇತ್ತು. ಅದರ ಅಂಚಿಗೆ ಹಳದಿ ಗಸಿ ಹಿಡಿದಿತ್ತು, ಹುಳಿ ವಾಸನೆ ಬರುತ್ತಿತ್ತು. ಅದಕ್ಕೆ ಕುದಿಯುವ ನೀರು ಹೊಯ್ದು, ಬೂದಿ ಹಾಕಿ, ನಾರಿನಿಂದ ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿ, ಒಣಗಿದ ಮೇಲೆ ಗೂಡಿನಲ್ಲಿಟ್ಟ.

ಎಲ್ಲ ಲಕಲಕ ಎನ್ನುತ್ತಿತ್ತು. ಇಷ್ಟು ದಿನದಲ್ಲಿ ಅವನು ಒಂದು ಕೆಲಸವನ್ನೂ ಇಷ್ಟು ಖುಷಿಯಿಂದ ಮಾಡಿರಲಿಲ್ಲ. ಬಿಟ್ಟು ಹೋಗುವ ಕೆಲಸ ಯಾರಿಗಾದರೂ ಇಷ್ಟವೇ ಆಗುತ್ತದೆ.

ಸಂಜೆ ಹಾಲು ಕಾಸಿದ. ಆರಿಸಿದ. ಬೆರಳು ಅದ್ದಿ ನೋಡಿದ. ಸರಿಯಾಗಿತ್ತು. ಗೂಡಿಗೆ ಕೈ ಹಾಕಿ ಕುಡಿಕೆ ತೆಗೆದುಕೊಂಡ.

ಕುಡಿಕೆಯೊಳಗೆ ಏನೂ ಇರಲಿಲ್ಲ.

ಗಡಿಗೆ ನೋಡಿದ. ಅದನ್ನೂ ತೊಳೆದಿದ್ದ. ಸೌಟಿನಲ್ಲಿ, ಮುಚ್ಚಳದಲ್ಲಿ ಎಲ್ಲಾದರೂ ಒಂದು ಹನಿ ಮೊಸರು ಅಂಟಿದೆಯೇ ಎಂದು ಹುಡುಕಿದ. ಒಂದು ಕಲೆಯನ್ನೂ ಉಳಿಸಬಾರದೆಂದು ತಾನೇ ತಿಕ್ಕಿದ್ದನಲ್ಲ. ನಿಂಬೆಹುಳಿ ಹಿಂಡಿದರೆ ಹೇಗೆ ಎಂದು ಯೋಚಿಸಿದ. ಹಾಲು ಒಡೆಯುತ್ತದೆಯೇ ಹೊರತು ಮೊಸರಾಗುವುದಿಲ್ಲ.

ಮೊಸರಿಲ್ಲದೆ ಪಂಚಾಮೃತವಿಲ್ಲ. ಪಂಚಾಮೃತವಿಲ್ಲದೆ ದೀಕ್ಷೆಯಿಲ್ಲ. ಕುಡಿಕೆ ಹಿಡಿದುಕೊಂಡೇ ಅವ್ವಾರ ಹತ್ತಿರ ಹೋದ. ಅವರು ಗುಡಿಯ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದರು.

"ಅವ್ವಾರ, ಹೆಪ್ಪಿನ ಕುಡಿಕಿ ತೊಳದ್‌ ಬಿಟ್ಟೀನ್ರಿ."

ಅವ್ವಾರು ಕುಡಿಕೆ ತೆಗೆದುಕೊಂಡು ಒಳಗೆ ನೋಡಿದರು. ಮೂಸಿ ನೋಡಿದರು.

"ಚೊಲೊ ತೊಳದೀ."

"ತಪ್ಪಾತ್ರಿ."

"ನಮ್ಮ ಗುರುಗಳ ಕಾಲದಿಂದ ಇದನ್ನ ಇಷ್ಟು ಸ್ವಚ್ಛ ಯಾರೂ ನೋಡಿರಾಕಿಲ್ಲ."

ಶಂಭುಲಿಂಗ ತಲೆ ತಗ್ಗಿಸಿದ. "ಈಗ ಏನು ಮಾಡ್ಲಿ?"

"ನನಗೇನು ಕೇಳ್ತಿ? ಹೆಪ್ಪು ಇಲ್ಲದವರು ಏನು ಮಾಡ್ತಾರ?"

ಅವನಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಕುಡಿಕೆ ತೆಗೆದುಕೊಂಡು ಊರ ಕಡೆ ಓಡಿದ.

ಮೊದಲ ಮನೆ ಗೌಡರದು. ಬಾಗಿಲಲ್ಲಿ ಆಗಲೇ ದೀಪ ಉರಿಯುತ್ತಿತ್ತು.

"ಒಂದೀಟು ಹೆಪ್ಪು ಬೇಕಾಗಿತ್ರಿ," ಎಂದ.

ಗೌಡರ ಸೊಸೆ ನಾಲಿಗೆ ಕಚ್ಚಿಕೊಂಡಳು. "ದೀಪಾ ಹಚ್ಚೇವಲ್ರಿ ಅಪ್ಪಾರ. ದೀಪಾ ಹಚ್ಚಿದ ಮ್ಯಾಲ ಮನಿಯಿಂದ ಹೆಪ್ಪು ಹೊರಗ ಕೊಡಂಗಿಲ್ಲ. ಮುಂಜಾನಿ ಎಷ್ಟ ಬೇಕಾದ್ರೂ ಒಯ್ಯ್ರಿ."

"ಮುಂಜಾನಿಗೆ ಮೊಸರ ಬೇಕ್ರಿ ನನಗ."

"ನಮ್ಮತ್ತಿ ಬೈತಾರ್ರಿ," ಎಂದಳು ಅವಳು. ಅವಳಿಗೂ ಕೆಟ್ಟದೆನಿಸಿತು.

ಎರಡನೆಯ ಮನೆಯಲ್ಲೂ ಅದೇ ಮಾತು. ಮೂರನೆಯ ಮನೆಯಲ್ಲಿ ಅವನನ್ನು ಕೂಡಿಸಿ ಬೆಲ್ಲ ನೀರು ಕೊಟ್ಟರು, ಹೆಪ್ಪು ಕೊಡಲಿಲ್ಲ. ಓಣಿಯಲ್ಲಿ ಒಂದೊಂದಾಗಿ ದೀಪಗಳು ಹೊತ್ತುತ್ತಿದ್ದವು. ದೀಪ ಕಂಡಾಗಲೆಲ್ಲ ಅವನಿಗೆ ಜೀವ ಹೋದಂತಾಗುತ್ತಿತ್ತು.

ಕಡೆಗೆ ಊರ ಅಂಚಿಗೆ ಬಂದ. ಬಾಳವ್ವನ ಮನೆ ಒಂದೇ ಉಳಿದಿತ್ತು. ಅಲ್ಲಿಗೆ ಹೋಗಲು ಅವನಿಗೆ ನಾಚಿಕೆಯಾಯಿತು. ಮುಂಜಾನೆ ಅಂದ ಮಾತು ಇನ್ನೂ ಅವನ ಬಾಯಲ್ಲೇ ಇದ್ದ ಹಾಗಿತ್ತು. ಆದರೂ ಹೋದ.

ಬಾಗಿಲು ಗಿಡ್ಡದು. ಬಗ್ಗಿ ಒಳಗೆ ಹೋದ. ಒಳಗೆ ಕತ್ತಲು. ದೇವರ ಮುಂದಿನ ಒಂದು ಹಣತೆ ಬಿಟ್ಟರೆ ಬೆಳಕಿರಲಿಲ್ಲ. ಮೂಲೆಯ ಹಾಸಿಗೆಯಲ್ಲಿ ಬಾಳವ್ವನ ಗಂಡ ಫಕೀರಪ್ಪ ಮಲಗಿದ್ದ. ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ ಗಟ್ಟಿ ಆಳು. ಸೊಂಟ ಬಿದ್ದು ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು.

ಬಾಳವ್ವ ಒಲೆಯ ಮುಂದೆ ಕೂತಿದ್ದಳು. ಅವಳ ಮುಂದೆ ಒಂದು ಗಡಿಗೆಯಲ್ಲಿ ಹಾಲಿತ್ತು. ಪಕ್ಕದಲ್ಲಿ ಆ ಬಟ್ಟಲಿತ್ತು.

"ಯವ್ವಾ," ಎಂದ ಶಂಭುಲಿಂಗ. ಅವಳನ್ನು ಅವನು ಹಾಗೆ ಕರೆದದ್ದು ಅದೇ ಮೊದಲು. "ಹೆಪ್ಪು ಕೇಳಾಕ ಬಂದೀನಿ."

ಬಾಳವ್ವ ಅವನ ಕೈಯಲ್ಲಿದ್ದ ಕುಡಿಕೆ ನೋಡಿದಳು. ನಗಲಿಲ್ಲ. ನಕ್ಕಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಅವ್ವಾರ ಕಡೆನೂ ಇಲ್ಲೇನು?"

"ನಾ ತೊಳದ್‌ ಬಿಟ್ಟೀನಿ."

"ದೀಪಾ ಹಚ್ಚೀನ್ರಿ. ಹೊರಗ ಕೊಡಂಗಿಲ್ಲ. ಮತ್ತ ಇರೂದೂ ಇಷ್ಟ." ಅವಳು ಬಟ್ಟಲು ತೋರಿಸಿದಳು. ಚಮಚದ ತುದಿಯಿಂದ ಅವನು ಒರೆಸಿದ್ದು ಹಾಗೇ ಇತ್ತು.

ಶಂಭುಲಿಂಗ ಅದನ್ನು ನೋಡಿದ. ಮುಂಜಾನೆ ಇನ್ನೊಂದು ಚಮಚ ಕೊಟ್ಟಿದ್ದರೆ ಎಂದುಕೊಂಡ.

"ಇದನ್ನ ನಿಮಗ ಕೊಟ್ರ ನಾಳಿ ಇವರಿಗೆ ಏನೂ ಇಲ್ಲರಿ. ನುಚ್ಚಿಗೆ ಮೊಸರ ಹಾಕಿದ್ರಷ್ಟ ಇವರ ಗಂಟಲದಾಗ ಇಳಿಯೂದು," ಎಂದಳು ಬಾಳವ್ವ.

"ಬ್ಯಾಡ ಯವ್ವಾ. ನಾ ಹೋಗ್ತೀನಿ."

ಅವನು ಬಾಗಿಲಿಗೆ ಬಗ್ಗಿದ. ಹಾಸಿಗೆಯಿಂದ ಫಕೀರಪ್ಪ ಮಾತಾಡಿದ.

"ಏ, ಹೆಪ್ಪು ಹೊರಗ ಹೋಗಬಾರದು. ಹಾಲು ಒಳಗ ಬರಬಾರದು ಅಂತ ಯಾರರ ಹೇಳ್ಯಾರೇನು?"

ಬಾಳವ್ವ ಗಂಡನನ್ನು ನೋಡಿದಳು. ಆಮೇಲೆ ಶಂಭುಲಿಂಗನನ್ನು ನೋಡಿದಳು.

"ನಿಮ್ಮ ಹಾಲು ತಗೊಂಡ್‌ ಬರ್ರಿ ಅಪ್ಪಾರ. ಎರಡೂ ಕೂಡಿಸಿ ಇಲ್ಲೇ ಹೆಪ್ಪು ಹಾಕೂಣು. ಮೊಸರು ಕೂತ ಮ್ಯಾಲ ಹಂಚ್ಕೊಂಡ್ರಾತು."

ನಮ್ಮ ಆಕಳ ಹಾಲೂ ಅದರಲ್ಲಿರುತ್ತದಲ್ಲ ಎಂದುಕೊಂಡು ಶಂಭುಲಿಂಗ ಓಡಿ ಹೋಗಿ ಆಶ್ರಮದ ಹಾಲು ತಂದ. ದಾರಿಯಲ್ಲಿ ಆರಿತ್ತು. ಬಾಳವ್ವ ಮತ್ತೆ ಬೆಚ್ಚಗೆ ಮಾಡಿದಳು. ಎರಡೂ ಮನೆಯ ಹಾಲನ್ನು ಒಂದೇ ದೊಡ್ಡ ಗಡಿಗೆಗೆ ಹೊಯ್ದಳು. ಬೆರಳಿನಿಂದ ಬಟ್ಟಲನ್ನು ಬಳಿದು, ಆ ಬೆರಳನ್ನು ಹಾಲಿನಲ್ಲಿ ಆಡಿಸಿದಳು.

"ಹಾಲು ಭಾಳ ಐತಿ, ಹೆಪ್ಪು ಸ್ವಲ್ಪ ಐತಿ, ಮತ್ತ ಥಂಡಿ. ಹೊತ್ತು ಹಿಡೀತೈತ್ರಿ. ಮುಟ್ಟಬಾರದು, ಅಳಗಾಡಿಸಬಾರದು."

"ನಸುಕಿನಾಗ ಕೂತಿರತೈತೇನು?"

"ಅದನ್ನ ಅದಕ್ಕ ಕೇಳಬೇಕ್ರಿ."

ಒಲೆಯ ಪಕ್ಕ ಬೆಚ್ಚಗಿನ ಜಾಗದಲ್ಲಿ ಗಡಿಗೆ ಇಟ್ಟು ಕೌದಿ ಸುತ್ತಿದಳು. ಶಂಭುಲಿಂಗ ತಾನು ಹೊದ್ದಿದ್ದ ಶಾಲು ತೆಗೆದು ಅದರ ಮೇಲೆ ಹೊದಿಸಿದ. ಮನೆಗೆ ಬೆಕ್ಕು ಬರುತ್ತಿತ್ತು. ಅವನು ಗಡಿಗೆಯ ಹತ್ತಿರ ಗೋಡೆಗೆ ಆನಿಕೊಂಡು ಕೂತ. ಹಾಗೆಯೇ ಕೂತು ಬೆಳಗು ಮಾಡಿದ.

ಇನ್ನೂ ಮಬ್ಬು ಇರುವಾಗಲೇ ಬಾಳವ್ವ ನೀರಿಗೆ ಹೊಳೆಗೆ ಹೋದಳು. ಒಳಗೆ ಅವನು ಮತ್ತು ಫಕೀರಪ್ಪ ಇಬ್ಬರೇ.

ಶಂಭುಲಿಂಗ ಮೆಲ್ಲಗೆ ಕೌದಿ ಸರಿಸಿದ. ಮುಚ್ಚಳಕ್ಕೆ ಕೈ ಹಾಕಿದ.

"ಎಚ್ಚರದಾಗ ಅದೀನ್ರಿ ನಾನು," ಎಂದ ಫಕೀರಪ್ಪ.

ಶಂಭುಲಿಂಗ ಕೈ ತೆಗೆದ.

"ಹತ್ತ ಸಲ ತೆಗೆದು ನೋಡಿದ್ರ ಕೂಡಂಗಿಲ್ಲ. ನೀವು ಸುಮ್ಮ ಕುಂದ್ರ್ರಿ, ಅದು ತಾನ ಕೂಡತೈತಿ."

ಶಂಭುಲಿಂಗ ಕೌದಿಯನ್ನು ಮೊದಲಿನಂತೆ ಸುತ್ತಿ ಕೂತ.

"ಒಂದು ಮಾತು ಕೇಳ್ಲೇನು?" ಎಂದ ಶಂಭುಲಿಂಗ. "ದಿನಾ ಬಂದು ಹೆಪ್ಪು ಒಯ್ತಾಳಲ್ಲ, ಯಾಕ ಉಳಿಯೂದಿಲ್ಲ?"

ಫಕೀರಪ್ಪ ಮೇಲೆ ನೋಡುತ್ತಾ ಹೇಳಿದ. "ಮಲಗೂ ಮುಂದ ನನಗ ಹಸಿವಾಗತೈತಿ. ಇದ್ದ ಒಂದು ಚಮಚಾನೂ ಬಾಯಿಗೆ ಹಾಕ್ತಾಳ. ಹೆಪ್ಪಿಗೆ ಇಡು ಅಂತೀನಿ. ಅವ್ವಾರ ಕಡೆ ಇರತೈತಿ, ನೀ ಉಣ್ಣು ಅಂತಾಳ."

ತೊಳೆದಿಟ್ಟ ಕುಡಿಕೆ ಶಂಭುಲಿಂಗನ ಮಡಿಲಲ್ಲಿತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ನಿಮಗ ಬ್ಯಾಸರ ಆಗಂಗಿಲ್ಲೇನ್ರಿ? ದಿನಾ ಇದ ಮೂಲಿ, ಇದ ಹಾಸಿಗಿ."

"ಆಗತೈತಿ. ಯಾಕ ಆಗೂದಿಲ್ಲ?"

"ಮತ್ತ?"

"ಮುಂಜಾನಿ ಆಕಿ ಮುಚ್ಚಳಾ ತೆಗೀತಾಳಲ್ಲ. ಅಲ್ಲಿತನಾ ಮೊಸರು ಕೂತೈತೋ ಇಲ್ಲೋ ನನಗೂ ಗೊತ್ತಿರಂಗಿಲ್ಲ, ಆಕಿಗೂ ಗೊತ್ತಿರಂಗಿಲ್ಲ. ಕೂತಿದ್ರ ನನ್ನ ಕಡೆ ತಿರುಗಿ, ಕೂತೈತಿ ಅಂತಾಳ."

"ಅಷ್ಟ?"

"ಅಷ್ಟಕ್ಕ ನನಗ ಬೆಳಗಾಗತೈತ್ರಿ," ಎಂದ ಫಕೀರಪ್ಪ.

ಅಷ್ಟರಲ್ಲಿ ಆಶ್ರಮದ ಕಡೆಯಿಂದ ಘಂಟೆ ಕೇಳಿಸಿತು.

ಶಂಭುಲಿಂಗ ಎದ್ದು ನಿಂತ. ಮುಚ್ಚಳ ತೆಗೆದ. ಮೇಲೆ ತೆಳುವಾಗಿ ಕೆನೆ ಕಟ್ಟಿತ್ತು, ಅಂಚಿನಲ್ಲಿ ಒಂದಿಷ್ಟು ಗಟ್ಟಿಯಾಗಿತ್ತು. ನಡುವೆ ಇನ್ನೂ ಹಾಲು.

ಅಭಿಷೇಕಕ್ಕೆ ಒಂದು ಸೌಟು ಸಾಕು. ಅಂಚಿನಿಂದ ತೆಗೆದುಕೊಂಡರೆ ಆಯಿತು. ಅರೆಬರೆ ಕೂತದ್ದೂ ಮೊಸರೇ, ಲಿಂಗವೇನು ರುಚಿ ನೋಡುವುದಿಲ್ಲ. ಆದರೆ ಈಗ ಸೌಟು ಹಾಕಿದರೆ ಗಡಿಗೆಯೆಲ್ಲ ಕಲಕುತ್ತದೆ. ಆಮೇಲೆ ಅದು ಅತ್ತ ಹಾಲೂ ಅಲ್ಲ, ಇತ್ತ ಮೊಸರೂ ಅಲ್ಲ.

ಘಂಟೆ ಕೇಳಿಸುತ್ತಲೇ ಇತ್ತು.

ಫಕೀರಪ್ಪ ಗೋಡೆಯ ಕಡೆ ಮುಖ ಮಾಡಿದ. "ಹೊತ್ತಾತಂದ್ರ ತಗೊಂಡ್‌ ಹೋಗ್ರಿ ಅಪ್ಪಾರ. ಒಂದು ದಿನ ನನಗ ಹೆಂಗೋ ನಡೀತೈತಿ."

ಶಂಭುಲಿಂಗನಿಗೆ ಗವಿ ಕಣ್ಣ ಮುಂದೆ ಬಂತು. ಇಷ್ಟು ದಿನ ಕಾದದ್ದು ಆ ಒಂದು ಘಂಟೆಗೆ. ಅವನ ಕೈ ಸೌಟಿನ ಮೇಲಿತ್ತು.

ಸೌಟು ಕೆಳಗಿಟ್ಟ. ಮುಚ್ಚಳ ಮುಚ್ಚಿದ. ಕೌದಿ ಸುತ್ತಿ, ಶಾಲು ಹೊದಿಸಿ, ಮತ್ತೆ ಗೋಡೆಗೆ ಆನಿಕೊಂಡು ಕೂತ.

ಘಂಟೆ ನಿಂತಿತು.

ಆಮೇಲೆ ಅವನಿಗೆ ಮಾಡಲು ಏನೂ ಇರಲಿಲ್ಲ. ಕಾಯುವುದಕ್ಕೆ ದೀಕ್ಷೆಯೂ ಇರಲಿಲ್ಲ. ಹೊರಗೆ ಹಕ್ಕಿಗಳು ಕೂಗತೊಡಗಿದವು. ಒಲೆಯ ಬೂದಿಯ ಬಿಸಿ ಅವನ ಮೊಣಕಾಲಿಗೆ ತಗಲುತ್ತಿತ್ತು. ಫಕೀರಪ್ಪನ ಉಸಿರು ಕೇಳಿಸುತ್ತಿತ್ತು. ಗಡಿಗೆಯಿಂದ ಏನೂ ಕೇಳಿಸುತ್ತಿರಲಿಲ್ಲ. ಆದರೆ ಅದರೊಳಗೆ ಏನೋ ನಡೆದಿದೆ ಎಂದು ಅವನಿಗೆ ಗೊತ್ತಿತ್ತು. ಅವನು ಕಣ್ಣು ಮುಚ್ಚಿರಲಿಲ್ಲ. ಮನಸ್ಸು ಎಲ್ಲಿಗೂ ಹೋಗಲಿಲ್ಲ.

ಬಾಗಿಲಿನಿಂದ ಬಿಸಿಲಿನ ಒಂದು ಚೂರು ಒಳಗೆ ಬಂತು. ಅದರ ಹಿಂದೆ ಕೊಡ ಹೊತ್ತು ಬಾಳವ್ವ ಬಂದಳು. ಕೊಡ ಇಳಿಸಿ, ಕೈ ಒರೆಸಿಕೊಂಡು, ಮುಚ್ಚಳ ತೆಗೆದಳು. ಗಡಿಗೆಯನ್ನು ಒಂದಿಷ್ಟೇ ಓರೆ ಮಾಡಿದಳು. ಒಳಗಿನದು ಅಲುಗಲಿಲ್ಲ.

ಅವಳು ಗಂಡನ ಕಡೆ ತಿರುಗಿದಳು.

"ಕೂತೈತಿ."

ಫಕೀರಪ್ಪ ನಕ್ಕ. ಶಂಭುಲಿಂಗನಿಗೂ ನಗು ಬಂತು. ಯಾಕೆ ಬಂತು ಎಂದು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

ಬಾಳವ್ವ ಮೊಸರನ್ನು ಎರಡು ಪಾಲು ಮಾಡಿದಳು. ಶಂಭುಲಿಂಗ ತನ್ನ ಪಾಲು ತೆಗೆದುಕೊಂಡು ಹೊರಟ. ಹೊಲಗಳ ಮೇಲೆ ಮಂಜು ಕರಗುತ್ತಿತ್ತು. ಅವನಿಗೆ ಓಡಬೇಕೆನಿಸಲಿಲ್ಲ.

ಆಶ್ರಮದಲ್ಲಿ ಗುಡಿಯ ಬಾಗಿಲು ಮುಚ್ಚಿತ್ತು. ಅವ್ವಾರು ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತಿದ್ದರು. ಆಕಳ ಹಾಲು ಕರೆದು ಅವರೇ ಕಾಸಲು ಇಟ್ಟಿದ್ದರು.

"ಘಂಟಿ ಕೇಳಿಸ್ತೇನು?"

"ಕೇಳಿಸ್ತ್ರಿ."

"ಬರಲಿಲ್ಲ."

"ಮೊಸರು ಇನ್ನೂ ಕೂತಿರಲಿಲ್ಲರಿ."

ಅವ್ವಾರು ಅವನ ಕೈಯಿಂದ ಪಾತ್ರೆ ತೆಗೆದುಕೊಂಡು ಮುಚ್ಚಳ ಎತ್ತಿ ನೋಡಿದರು.

"ಯಾರ ಮನೀದು?"

"ಬಾಳವ್ವನ ಮನೀದು. ಅಲ್ಲ, ನಮ್ಮದೂ ಐತ್ರಿ. ಹಾಲು ಎರಡೂ ಮನೀದು. ಹೆಪ್ಪು..." ಶಂಭುಲಿಂಗ ತಡೆದ. "ಹೆಪ್ಪು ಯಾರದು ಅಂತ ಹೇಳ್ಲಿ ಅವ್ವಾರ?"

ಅ‌ವರು ಮತ್ತೆ ಒಲೆಯ ಕಡೆ ತಿರುಗಿದರು.

ಶಂಭುಲಿಂಗ ಮಡಿಲಿನಿಂದ ಕುಡಿಕೆ ತೆಗೆದ. ಮೊಸರಿನಿಂದ ಒಂದು ಚಮಚ ಅದಕ್ಕೆ ಹಾಕಿದ. ಒಂದು ಕ್ಷಣ ನೋಡಿ, ಇನ್ನೊಂದು ಚಮಚ ಹಾಕಿದ. ಗೂಡಿನಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟ. ಮುಂದಿನ ಮುಹೂರ್ತ ಯಾವಾಗ ಎಂದು ಕೇಳಬೇಕೆಂದು ದಾರಿಯಲ್ಲಿ ಅಂದುಕೊಂಡು ಬಂದಿದ್ದ. ಅದು ಅವನಿಗೆ ನೆನಪಾಗಲಿಲ್ಲ.

ಅಂಗಳದಲ್ಲಿ ಬಳೆಯ ಸದ್ದಾಯಿತು. ಬಾಳವ್ವ ಬಂದಿದ್ದಳು. ಕೂಲಿಗೆ ಹೊರಟವಳ ಕಂಕುಳಲ್ಲಿ ಶಾಲು ಇತ್ತು.

"ಶಾಲು ಮರತ್‌ ಬಂದೀರಿ ಅಪ್ಪಾರ."

ಶಂಭುಲಿಂಗ ಅವಳು ಕರೆಯುವ ಮೊದಲೇ ಎದ್ದು ಬಾಗಿಲಿಗೆ ಬಂದಿದ್ದ. ಶಾಲು ತೆಗೆದುಕೊಂಡ.

"ಯವ್ವಾ, ಇವತ್ತು ಮಲಗೂ ಮುಂದ ಉಳಿದದ್ದನ್ನ ಅವರಿಗೆ ಕೊಟ್ಟ್‌ ಬಿಡು. ಹೆಪ್ಪಿಗೆ ಅಂತ ಇಡಬ್ಯಾಡ. ನಾಳಿ ಮುಂಜಾನಿ ಬಟ್ಟಲಾ ತಗೊಂಡ್‌ ಬಾ."

ಬಾಳವ್ವ ಅವನನ್ನೇ ನೋಡಿದಳು.

"ನಾಳಿ ನೀವು ಇರಂಗಿಲ್ಲ ಅಂದಿದ್ರಲ್ಲ? ಗವಿಗೆ ಹೋಗವ್ರಿದ್ರಿ?"

ಶಂಭುಲಿಂಗ ಹಿಂದಕ್ಕೆ ತಿರುಗಿ ನೋಡಿದ.

ಹಾಲು ಉಕ್ಕಿ ಬರುತ್ತಿತ್ತು. ಅವ್ವಾರು ಉರಿ ತಗ್ಗಿಸಿದರು. ಒಲೆಯ ಕಡೆಯಿಂದ ಮುಖ ತಿರುಗಿಸದೆಯೇ ಹೇಳಿದರು.

"ಆಗಲೇ ಹೋಗಿ ಬಂದಾನ."